ನಂಗುಮೀನಿನ ಕಣ್ಣು: ಒಂದು ವಿವಾದದ ಇತಿಹಾಸ

ಒಳನಾಡಿನ ಪುತ್ತಿಗೆಯೂ ಕಡಲತಡಿಯ ಉಳ್ಳಾಲವೂ ಚೌಟ ಅರಸರ ರಾಜಧಾನಿಗಳಾಗಿದ್ದುವು. ಆ ಕಡಲಿನಲ್ಲಿ ಸಿಕ್ಕುವ ನಂಗೆಂಬ ಚಪ್ಪಟೆಮೀನಿನ ಕಣ್ಣುಗಳೆರಡೂ ಎಡಮಗ್ಗುಲಲ್ಲಿಯೇ ಇರುವುವು. ತತ್ತಿಯೊಡೆದು ಬಂದ ಮರಿಗಾದರೋ ಮಗ್ಗುಲಿಗೊಂದು ಕಣ್ಣು. ಬೆಳೆಯುತ್ತ ಬಲಗಣ್ಣು ತಲೆಯನ್ನು ದಾಟಿ ಎಡಕ್ಕೆ ಸರಿಯುವುದು.

ಚಪ್ಪಟೆಮೀನುಗಳ ಈ ರೂಪಾಂತರವು ವಿಕಾಸವಾದಕ್ಕೆ ತೊಡಕಾಯಿತು. ತುಸುವೇ ಸರಿದ ಕಣ್ಣಿನಿಂದ ಪ್ರಯೋಜನವೇನೆಂದು ೧೮೭೧ರಲ್ಲಿ ಮೈವರ್ಟನು ಆಕ್ಷೇಪಿಸಿದನು. ತಳದಲ್ಲಿ ಮಲಗಿದ ಮರಿಯು ಕೆಳಗಣ್ಣನ್ನು ಮೇಲಕ್ಕೆ ತಿರುಗಿಸಲು ಯತ್ನಿಸುವುದೆಂದೂ, ಆ ಅಭ್ಯಾಸದ ಫಲವೇ ವಂಶಾನುಗತವಾಗಿ ನೈಸರ್ಗಿಕ ಆಯ್ಕೆಯಿಂದ ಬಲಗೊಂಡಿತೆಂದೂ ೧೮೭೨ರಲ್ಲಿ ಡಾರ್ವಿನ್ನನು ಉತ್ತರವಿತ್ತನು. ಅಭ್ಯಾಸವು ಹೀಗೆ ವಂಶಾನುಗತವಾಗುವುದೆಂಬುದನ್ನು ಇಂದಿನ ಶಾಸ್ತ್ರವು ಒಪ್ಪದು.

೧೯೮೫ರಲ್ಲಿ ಜಪಾನಿನ ಇನುಯಿ ಮತ್ತು ಮಿವಾ ಎಂಬವರು ಸಣ್ಣ ಮರಿಗಳ ಮೇಲೆ ಪ್ರಯೋಗ ನಡೆಯಿಸಿ, ಕಪ್ಪೆಮರಿಯಲ್ಲಿ ಆಗುವಂತೆಯೇ ಇಲ್ಲಿಯೂ ಥೈರಾಯಿಡ್ ಗ್ರಂಥಿಯ ಸ್ರಾವವು ರೂಪಾಂತರವನ್ನುಂಟುಮಾಡುವುದೆಂದು ತೋರಿಸಿದರು. ೨೦೦೮ರಲ್ಲಿ ಫ್ರೀಡ್‌ಮನ್ನನು ಸುಮಾರು ೫ ಕೋಟಿ ವರ್ಷಗಳ ಹಿಂದಿನ ಪಳೆಯುಳಿಕೆಗಳನ್ನು ಪರೀಕ್ಷಿಸಿ, ಬೆಳೆದ ಮೀನುಗಳಲ್ಲಿಯೂ ಕಣ್ಣು ಅರ್ಧದಾರಿಯಲ್ಲಿಯೇ ನಿಂತಿದ್ದುದನ್ನು ಕಂಡನು. ಅವುಗಳಲ್ಲಿ ಕೆಲವು ವಸ್ತುಸಂಗ್ರಹಾಲಯಗಳಲ್ಲಿ ಬಹುಕಾಲದಿಂದ ಇದ್ದುವೇ.

ಡಾರ್ವಿನ್ನನು ಹೇಳಿದ ಕಾರಣವು ಬಿದ್ದುಹೋಯಿತು. ಅವನು ನಂಬಿದ್ದ ನಡುವಣ ಮೆಟ್ಟಿಲು ಮಾತ್ರ ಕಲ್ಲಿನಲ್ಲಿ ದೊರೆಯಿತು. ಮೈವರ್ಟನ ಪ್ರಶ್ನೆಯೂ ವ್ಯರ್ಥವಾಗಲಿಲ್ಲ. ಏನನ್ನು ಹುಡುಕಬೇಕೆಂಬುದನ್ನು ತೋರಿಸಿಕೊಟ್ಟುದು ಅದೇ.