ಅಣ್ಣಿಗೇರಿಯ ಕೃಷಿಕ ಸಂಶೋಧಕ ಅಬ್ದುಲ್ ಖಾದರ್ ನಡಕಟ್ಟಿನ

ಅಬ್ದುಲ್ ಖಾದರ್ ಇಮಾಮಸಾಬ್ ನಡಕಟ್ಟಿನ ಅವರು ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಕೃಷಿಕರು, ಒಣಭೂಮಿ ಬೇಸಾಯಕ್ಕೆ ಒಗ್ಗುವ ಹಲವು ಯಂತ್ರಗಳ ರೂವಾರಿ. ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನದ ಜೀವಮಾನ ಸಾಧನೆ ಪ್ರಶಸ್ತಿ 2015ರಲ್ಲಿ ಅವರಿಗೆ ಸಂದಿತು. 2022ರಲ್ಲಿ ಕೇಂದ್ರ ಸರ್ಕಾರ ಪದ್ಮಶ್ರೀ ನೀಡಿತು. ಆದಿಕವಿ ಪಂಪನ ಹೆಸರಿನೊಂದಿಗೆ ತಳಕು ಹಾಕಿಕೊಂಡಿರುವ ಅಣ್ಣಿಗೇರಿ ಕೂರಿಗೆಯ ಊರೆಂದೂ ಹೆಸರಾದದ್ದು ಇವರಿಂದ.

ಅವರ ಮೊದಲ ಯಂತ್ರಕ್ಕೂ ಹೊಲಕ್ಕೂ ಸಂಬಂಧವಿರಲಿಲ್ಲ. ಯೌವನದಲ್ಲಿ ಬೆಳಿಗ್ಗೆ ಬೇಗ ಏಳಲಾಗದ ಅವರು ಅಲಾರಾಂ ಗಡಿಯಾರದ ಕೀಲಿಗೆ ದಾರ ಕಟ್ಟಿ, ಅದರ ಇನ್ನೊಂದು ತುದಿಯನ್ನು ನೀರು ತುಂಬಿದ ಬಾಟಲಿಗೆ ಜೋಡಿಸಿದರು. ಅಲಾರಾಂ ಬಾರಿಸಿ ಕೀಲಿ ತಿರುಗಿದಂತೆ ದಾರ ಸುತ್ತಿಕೊಂಡು ಬಾಟಲಿ ವಾಲುತ್ತಿತ್ತು, ನೀರು ಮುಖದ ಮೇಲೆ ಬೀಳುತ್ತಿತ್ತು.

ನಿಜವಾದ ಪರೀಕ್ಷೆ ಎದುರಾದದ್ದು ಹುಣಸೆಯಿಂದ. ನೀರಿನ ಕೊರತೆಯ ನೆಲದಲ್ಲಿ ಅವರು ಹುಣಸೆ ತೋಪು ಎಬ್ಬಿಸಲು ಹೊರಟಾಗ ಜನ ನಕ್ಕರು. ‘ಹುಣಸೆ ಹುಚ್ಚ’ ಎಂಬ ಅಡ್ಡಹೆಸರೇ ಅಂಟಿಕೊಂಡಿತು. ಕೊಳವೆಬಾವಿಗಳು ಕೈಕೊಟ್ಟವು, ನೀರನ್ನು ದೂರದಿಂದ ತಂದು ಗಿಡ ಉಳಿಸಬೇಕಾಯಿತು, ಸಾಲ ಬೆಳೆಯಿತು. ಮರಗಳು ಫಲ ಕೊಡಲಾರಂಭಿಸಿದ ಮೇಲೂ ಕಷ್ಟ ತೀರಲಿಲ್ಲ. ಹುಣಸೆಹಣ್ಣಿನ ತಿರುಳು ಬೀಜಕ್ಕೂ ನಾರಿಗೂ ಅಂಟಿಕೊಂಡಿರುತ್ತದೆ. ಅದನ್ನು ಕುಟ್ಟಿ ಬೀಜ ಬೇರ್ಪಡಿಸುವುದು ಹೆಂಗಸರು ದಿನವಿಡೀ ಕುಳಿತು ಮಾಡುವ ಕೆಲಸ. ಕೂಲಿ ಕಳೆದರೆ ಬೆಳೆದವನಿಗೆ ಉಳಿಯುವುದು ಅಲ್ಪ. ಈ ಲೆಕ್ಕವೇ ನಡಕಟ್ಟಿನರನ್ನು ಹುಣಸೆಬೀಜ ಬೇರ್ಪಡಿಸುವ ಯಂತ್ರದತ್ತ ನೂಕಿತು. ಹಣ್ಣನ್ನು ಹೋಳು ಮಾಡುವ ಯಂತ್ರ ಅದರ ಬೆನ್ನಿಗೇ ಬಂತು.

ಹೆಸರು ತಂದುಕೊಟ್ಟದ್ದು ಮಾತ್ರ ಬೀಜ-ಗೊಬ್ಬರ ಕೂರಿಗೆ. ರಾಯಚೂರಿನ ಮಾನ್ವಿಯಾಗಲಿ ಧಾರವಾಡದ ನವಲಗುಂದವಾಗಲಿ, ಎರೆಭೂಮಿಯ ರೈತನಿಗೆ ಬಿತ್ತನೆಯ ಹದ ಸಿಗುವುದು ಕೆಲವೇ ದಿನ. ಹಸಿಯಾದರೆ ಮಣ್ಣು ಅಂಟುತ್ತದೆ, ಒಣಗಿದರೆ ಬಿರಿಯುತ್ತದೆ. ಹಳೆಯ ಕೂರಿಗೆಯಲ್ಲಿ ಎತ್ತಿನ ಹಿಂದೆ ನಡೆಯುತ್ತ ಬಟ್ಟಲಿಗೆ ಬೀಜ ಬಿಡುವ ಕೈಯ ಮೇಲೆಯೇ ಬೆಳೆಯ ಸಾಲು ನಿಂತಿರುತ್ತಿತ್ತು. ಟ್ರ್ಯಾಕ್ಟರಿಗೆ ಹೂಡುವ ನಡಕಟ್ಟಿನರ ಕೂರಿಗೆ ಬೀಜವನ್ನೂ ಗೊಬ್ಬರವನ್ನೂ ಒಂದೇ ಸಲಕ್ಕೆ ಅಳತೆ ಪ್ರಕಾರ ಇಳಿಸುತ್ತದೆ. ಕಬ್ಬು ನಾಟಿ ಯಂತ್ರ, ನೇಗಿಲ ಬ್ಲೇಡ್ ತಯಾರಿಸುವ ಯಂತ್ರ, ವ್ಹೀಲ್ ಟಿಲ್ಲರ್, ನೀರು ಕಾಯಿಸುವ ಬಾಯ್ಲರ್ ಅವರ ಇತರ ನಿರ್ಮಿತಿಗಳು. ‘ವಿಶ್ವಶಾಂತಿ’ ಹೆಸರಿನ ಸಂಶೋಧನಾ ಕೇಂದ್ರದಲ್ಲಿ ಇವು ರೂಪುಗೊಂಡವು.

ಇಂತಹ ರೈತರಿಗೆ ಪೇಟೆಂಟ್ ಸುಲಭದ ದಾರಿಯಲ್ಲ. 1970ರ ಭಾರತೀಯ ಪೇಟೆಂಟ್ ಕಾಯ್ದೆ ಯಂತ್ರಕ್ಕೆ 20 ವರ್ಷಗಳ ರಕ್ಷಣೆ ನೀಡುತ್ತದೆ. ಬೇಸಾಯದ ವಿಧಾನಕ್ಕೆ ನೀಡುವುದಿಲ್ಲ. ಹುಣಸೆ ಬೆಳೆಸುವ ಜಾಣ್ಮೆ ಕಾಯ್ದೆಯ ಹೊರಗೆ, ಬೀಜ ತೆಗೆಯುವ ಯಂತ್ರ ಒಳಗೆ. ಅದಕ್ಕಿಂತ ತೊಡಕಿನದು ಹೊಸತನದ ಷರತ್ತು. ಅರ್ಜಿ ಸಲ್ಲಿಸುವ ಮೊದಲೇ ಯಂತ್ರ ಬಹಿರಂಗ ಬಳಕೆಗೆ ಬಂದಿದ್ದರೆ ಹಕ್ಕು ಕೈತಪ್ಪುವ ಸಂಭವವೇ ಹೆಚ್ಚು. ಹಳ್ಳಿಯಲ್ಲಾದರೋ ಯಂತ್ರ ಮೊದಲು ಓಡುವುದೇ ನೆರೆಯವನ ಹೊಲದಲ್ಲಿ. ಒಮ್ಮೆ ನೋಡಿದ ಕಮ್ಮಾರ ಅದನ್ನು ಮಾಡಬಲ್ಲ. ಪೇಟೆಂಟ್ ದೊರೆತರೂ ಪ್ರತಿವರ್ಷ ನವೀಕರಣ ಶುಲ್ಕವಿದೆ, ನಕಲು ಮಾಡಿದವನ ವಿರುದ್ಧ ನ್ಯಾಯಾಲಯದ ಖರ್ಚೂ ಇದೆ. ಸಣ್ಣ ಕಾರ್ಯಾಗಾರದ ಮಾಲೀಕ ಎಷ್ಟು ಕಾಲ ತಾಳಿಯಾನು?

ಈ ತೊಡಕು ಬಿಡಿಸಲು 2000ದಲ್ಲಿ ಸ್ಥಾಪನೆಯಾದದ್ದೇ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ. ಪ್ರೊ. ಅನಿಲ್ ಗುಪ್ತಾ ಅವರ ಹನಿ ಬೀ ಜಾಲದ ಕೆಲಸ ಅದಕ್ಕೆ ಬುನಾದಿ. ತಳಮಟ್ಟದ ಸಂಶೋಧಕರ ಪರವಾಗಿ ಅದು ಅರ್ಜಿ ಸಲ್ಲಿಸಿ ವೆಚ್ಚ ಭರಿಸುತ್ತದೆ. ಹತ್ತಿಕಾಯಿಯಿಂದ ಅರಳೆ ಬಿಡಿಸುವ ಯಂತ್ರ ರೂಪಿಸಿದ ಗುಜರಾತಿನ ಮನ್‌ಸುಖ್‌ಭಾಯಿ ಪಟೇಲರಿಗೆ 2003ರಲ್ಲಿ ಅಮೆರಿಕದ ಪೇಟೆಂಟ್ ಕೂಡ ದೊರೆಯಿತು.

2022ರ ಪದ್ಮಶ್ರೀ ಪಟ್ಟಿಯಲ್ಲಿ ನಡಕಟ್ಟಿನರ ಜೊತೆ ಕರ್ನಾಟಕದ ಮತ್ತೊಬ್ಬ ಕೃಷಿಕರಿದ್ದರು: ಬೋಳುಗುಡ್ಡದಲ್ಲಿ ಒಂಟಿಯಾಗಿ ಸುರಂಗ ಕೊರೆದು ನೀರು ಹರಿಸಿದ ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು. ತಲೆಮಾರುಗಳಿಂದ ಬಂದ ಆ ಸುರಂಗ ವಿದ್ಯೆ ಪಾರಂಪರಿಕ ಜ್ಞಾನ; ಕಾಯ್ದೆಯ ಪ್ರಕಾರ ಅದಕ್ಕೆ ಪೇಟೆಂಟ್ ಇಲ್ಲ.