ಬಿದ್ದರೂ ಮಾತಾಡುವ ಫೋನು: ಚಿಕ್ಕಜಾಲದಿಂದ ನೋಡಿದ ಬಟನ್ ಸೆಟ್ಟಿನ ಚರಿತ್ರೆ

ಬಳ್ಳಾರಿ ರಸ್ತೆಯಲ್ಲಿ ಯಲಹಂಕ ದಾಟಿ ವಿಮಾನ ನಿಲ್ದಾಣದ ಕಡೆ ಹೊರಟರೆ ಚಿಕ್ಕಜಾಲ ಸಿಗುತ್ತದೆ. ಇಲ್ಲಿನ ಯಾವುದಾದರೂ ಮೊಬೈಲ್ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತು ನೋಡಿ. ಮೇಲಿನ ಗಾಜಿನ ಕಪಾಟಿನಲ್ಲಿ ಹೊಳೆಯುವ ಸ್ಮಾರ್ಟ್‌ಫೋನುಗಳು, ಕೆಳಗಿನ ಅರೆಯಲ್ಲಿ ಬಟನ್ ಸೆಟ್ಟುಗಳ ಸಣ್ಣ ಡಬ್ಬಗಳು. ರಬ್ಬರ್ ಬ್ಯಾಂಡ್ ಸುತ್ತಿದ ಹಳೇ ಫೋನನ್ನು ಜೇಬಿನಿಂದ ತೆಗೆದು ಯಾರಾದರೂ ಹಿರಿಯರು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಗಟ್ಟಿಯಾಗಿರೋದು ಕೊಡಪ್ಪ. ಬಿದ್ರೆ ಒಡೀಬಾರ್ದು, ಚಾರ್ಜು ನಿಲ್ಲಬೇಕು, ಗುಂಡಿ ಬೆರಳಿಗೆ ಸಿಗಬೇಕು." ಅಂಗಡಿಯ ಹುಡುಗ "ತಾತ, ಈಗೆಲ್ಲಾ ಟಚ್ಚೇ" ಅಂದರೂ ತಾತ ಜಗ್ಗುವುದಿಲ್ಲ.

ಈ ಮಾತು ಹಳೇ ಕಾಲದವರ ಹಟ ಅಂತ ನಾವೂ ಒಂದು ಕಾಲಕ್ಕೆ ಅಂದುಕೊಂಡಿದ್ದೆವು. ನಮ್ಮಲ್ಲಿ ಫೋನು ಬಂದ ದಾರಿಯನ್ನು ಹಿಂದಕ್ಕೆ ಹಿಡಿದು ಹೋದರೆ ವಿಷಯ ಬೇರೆಯೇ ಇದೆ. ಹಳ್ಳಿಯ ಧೂಳು, ಸೆಕೆ, ಕರೆಂಟಿಲ್ಲದ ರಾತ್ರಿ, ಒರಟು ಕೈ ಇವನ್ನು ಲೆಕ್ಕಕ್ಕೆ ತೆಗೆದುಕೊಂಡು ಮಾಡಿದ ಯಂತ್ರಗಳು ಉಳಿದವು. ಹಳ್ಳಿಯವರಿಗೆ ಏನು ಬೇಕು ಅಂತ ದೂರದಲ್ಲಿ ಕೂತು ಊಹಿಸಿ ಮಾಡಿದವು, ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ, ಮೂಲೆ ಸೇರಿದವು.

ಕಿತ್ತೂರಿನಲ್ಲಿ ಮೊದಲ ಪಾಠ

ದೂರವಾಣಿ ಯಂತ್ರಕ್ಕೂ ಬೆಂಗಳೂರಿಗೂ ಹಳೇ ನಂಟು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಇಲ್ಲಿ ಶುರುವಾಯಿತು. ಅದು ಇರುವ ಜಾಗಕ್ಕೆ ದೂರವಾಣಿ ನಗರ ಅಂತಲೇ ಹೆಸರು. ಡಯಲ್ ತಿರುಗಿಸುವ ಆ ಕಪ್ಪು ಫೋನು ಎತ್ತಿ ಹಾಕಿದರೂ ಸುಲಭಕ್ಕೆ ಜಗ್ಗುವಂಥದ್ದಲ್ಲ. ಆದರೆ ಅದು ಮನೆಗೆ ಬರಬೇಕಾದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಹಳ್ಳಿಗಳ ತೊಂದರೆ ಇನ್ನೂ ದೊಡ್ಡದು. ಹೊರದೇಶದ ವಿನ್ಯಾಸದ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಣ ಬೇಕಿತ್ತು. ದಿನಕ್ಕೆ ಹತ್ತು ಸಲ ಕರೆಂಟು ಹೋಗುವ ಊರಲ್ಲಿ ಅದನ್ನು ನಡೆಸುವವರು ಯಾರು?

1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಸಂಸ್ಥೆ ಕಟ್ಟಿತು. ಸ್ಯಾಮ್ ಪಿತ್ರೋಡಾ ಅದರ ಹಿಂದಿನ ಮುಖ್ಯ ಹೆಸರು. ಅಲ್ಲಿನ ಎಂಜಿನಿಯರುಗಳು ಮಾಡಿದ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜು ಹವಾನಿಯಂತ್ರಣವಿಲ್ಲದೆ, ಧೂಳು ಸೆಕೆಗಳ ನಡುವೆ ಕೆಲಸ ಮಾಡುವಂತಿತ್ತು. ಅದರ ಮೊದಲನೆಯದು 1986ರ ಜುಲೈನಲ್ಲಿ ಚಾಲೂ ಆದದ್ದು ನಮ್ಮದೇ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಮುಂದೆ ಹಳ್ಳಿ ಹಳ್ಳಿಗೂ ಎಸ್‌ಟಿಡಿ ಬೂತು ಬರುವುದಕ್ಕೆ ದಾರಿ ಮಾಡಿದ್ದು ಇಂಥ ಯಂತ್ರಗಳೇ. ಯಂತ್ರ ಊರಿಗೆ ಹೊಂದಬೇಕು, ಊರು ಯಂತ್ರಕ್ಕೆ ಹೊಂದಬೇಕಾಗಿಲ್ಲ ಎಂಬ ಪಾಠ ಕೈಗೆ ಮೊಬೈಲು ಬರುವ ಮೊದಲೇ ಸಿಕ್ಕಿತ್ತು.

ಹಸಿರು ಗುಂಡಿ ಒತ್ತಲು ಭಯ

ದೇಶದ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ದೂರಸಂಪರ್ಕ ಸಚಿವ ಸುಖರಾಮ್ ಅವರ ಜೊತೆ ಮಾತಾಡಿದರು. ಆಗ ಕರೆ ಮಾಡಲು ನಿಮಿಷಕ್ಕೆ 16 ರೂಪಾಯಿವರೆಗೂ ಆಗುತ್ತಿತ್ತು, ಬಂದ ಕರೆ ತೆಗೆದುಕೊಂಡರೂ ದುಡ್ಡು. ಕರ್ನಾಟಕದಲ್ಲಿ ಮೊದಲು ಕೇಳಿಬಂದ ಹೆಸರುಗಳು ಜೆಟಿಎಂ ಮತ್ತು ಸ್ಪೈಸ್. ಮೊದಲನೆಯದು 1999ರಲ್ಲಿ ಭಾರ್ತಿ ಕೈಸೇರಿ ಏರ್‌ಟೆಲ್ ಆಯಿತು. ಎರಡನೆಯದು 2008ರಲ್ಲಿ ಐಡಿಯಾ ಪಾಲಾಯಿತು. ಆ ದಿನಗಳಲ್ಲಿ ಮೊಬೈಲು ಅಂದರೆ ಗುತ್ತಿಗೆದಾರರ, ಸೈಟು ವ್ಯವಹಾರದವರ ಸೊಂಟದಲ್ಲಿ ನೇತಾಡುವ ವಸ್ತು. ಫೋನು ಗಟ್ಟಿಯೋ ಅಲ್ಲವೋ ಅನ್ನುವ ಪ್ರಶ್ನೆಯೇ ಬರುತ್ತಿರಲಿಲ್ಲ, ಏಕೆಂದರೆ ಅದು ಹೊಲಕ್ಕೆ ಇಳಿದೇ ಇರಲಿಲ್ಲ.

ಹೊಲಕ್ಕೆ ಇಳಿಸಿದ್ದು ಎರಡು ಬದಲಾವಣೆಗಳು. 2002ರ ಅಕ್ಟೋಬರಿನಲ್ಲಿ ಬಿಎಸ್‌ಎನ್‌ಎಲ್ ಮೊಬೈಲ್ ಸೇವೆ ಶುರು ಮಾಡಿತು, ಆ ವರ್ಷದ ಕೊನೆಗೆ ರಿಲಯನ್ಸ್ ಕಡಿಮೆ ದರದೊಂದಿಗೆ ಬಂತು. 2003ರ ಮೇ 1ರಿಂದ ಕರೆ ಮಾಡುವವರೇ ಹಣ ಕೊಡುವ ಪದ್ಧತಿ ಬಂದು, ಬರುವ ಕರೆ ಉಚಿತವಾಯಿತು. ಕರೆನ್ಸಿ ಕಡಿಮೆ ಇದ್ದರೂ ಫೋನು ಇಟ್ಟುಕೊಳ್ಳಬಹುದು ಅನ್ನುವ ಧೈರ್ಯ ಆಗ ಬಂತು. ಮಿಸ್ಡ್ ಕಾಲ್ ಒಂದು ಭಾಷೆಯೇ ಆಯಿತು. ಒಂದು ರಿಂಗು ಅಂದರೆ ಗಾಡಿ ಬಂತು, ಎರಡು ಅಂದರೆ ಊಟಕ್ಕೆ ಬಾ.

ಟಾರ್ಚಿನ ಫೋನು

ಅದೇ 2003ರಲ್ಲಿ ನೋಕಿಯಾ 1100 ಬಂತು. ಕ್ಯಾಮೆರಾ ಇಲ್ಲ, ಬಣ್ಣದ ಪರದೆ ಇಲ್ಲ. ಗುಂಡಿಗಳ ಸಂದಿಗೆ ಧೂಳು ಇಳಿಯದಂತೆ ಒಂದೇ ಹಾಳೆಯ ಹೊದಿಕೆ, ಬೆವರಿದ ಕೈಯಿಂದ ಜಾರದಂಥ ಪಕ್ಕೆಗಳು, ತಲೆಯ ಮೇಲೆ ಸಣ್ಣ ಟಾರ್ಚು. 'ಸಿ' ಗುಂಡಿ ಒತ್ತಿ ಹಿಡಿದರೆ ಬೆಳಕು. ಕರೆ ಮಾಡದೆ ಸುಮ್ಮನಿಟ್ಟರೆ 400 ಗಂಟೆವರೆಗೆ ಚಾರ್ಜು ನಿಲ್ಲುತ್ತದೆ ಎಂದು ಕಂಪನಿ ಹೇಳಿತ್ತು. ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾಗಿ, ಅತಿ ಹೆಚ್ಚು ಮಾರಿದ ಫೋನುಗಳ ಸಾಲಿನಲ್ಲಿ ನಿಂತಿತು.

ಜಾಲ ಹೋಬಳಿಯಂಥ ಕಡೆ ಇದು ಯಾಕೆ ಒಪ್ಪಿತು ಅಂತ ತಿಳಿಯಲು ಇಲ್ಲಿನ ಕೆಲಸ ನೋಡಬೇಕು. ಬೋರ್‌ವೆಲ್ ನಂಬಿದ ದ್ರಾಕ್ಷಿ, ತರಕಾರಿ, ಹೂವಿನ ಬೇಸಾಯ. ತ್ರೀಫೇಸ್ ಕರೆಂಟು ಬರುವುದು ಎಷ್ಟೋ ಸಲ ರಾತ್ರಿ ಹೊತ್ತು. ಮೋಟರು ಹಾಕಲು ಕತ್ತಲಲ್ಲಿ ತೋಟಕ್ಕೆ ಹೋಗಬೇಕು, ದಾರಿಯಲ್ಲಿ ಹಾವಿನ ಭಯ. ನಮ್ಮ ಹಳ್ಳಿಗಳಲ್ಲಿ ಟಾರ್ಚಿಗೆ 'ಬ್ಯಾಟರಿ' ಅನ್ನುತ್ತಾರೆ. ಫೋನಿನ ಜೊತೆ ಬ್ಯಾಟರಿ ಪುಕ್ಕಟೆ ಅಂದರೆ ಯಾರು ಬೇಡ ಅಂತಾರೆ? ಪಕ್ಕದ ಸಾದಹಳ್ಳಿಯ ಕಲ್ಲು ಕಟ್ಟಡ ಕೆಲಸಕ್ಕೆ ಹೆಸರಾದದ್ದು. ಕಲ್ಲು ಒಡೆಯುವವರ ಜೇಬಿನಲ್ಲಿ ದಿನವಿಡೀ ಕಲ್ಲಿನ ಪುಡಿ. ಅಲ್ಲಿ ಧೂಳು ತಡೆಯುವ ಕೀಪ್ಯಾಡು ದಿನಗೂಲಿಯ ಪ್ರಶ್ನೆ. ಮೇಸ್ತ್ರಿಯ ಕರೆ ತಪ್ಪಿದರೆ ಮರುದಿನದ ಕೆಲಸ ತಪ್ಪುತ್ತದೆ.

ಓದು ಬರದವರನ್ನೂ ಆ ಕಾಲದ ಕೆಲವು ಸೆಟ್ಟುಗಳು ಲೆಕ್ಕಕ್ಕೆ ತೆಗೆದುಕೊಂಡವು. 2005ರ ನೋಕಿಯಾ 1110 ಗಂಟೆ ಎಷ್ಟು ಅಂತ ಬಾಯಿಬಿಟ್ಟು ಹೇಳುತ್ತಿತ್ತು. 2007ರ 1200ರಲ್ಲಿ ಒಂದೇ ಫೋನನ್ನು ಮನೆಮಂದಿ ಹಂಚಿಕೊಳ್ಳಲು ಬೇರೆ ಬೇರೆ ನಂಬರು ಪಟ್ಟಿ, ಕರೆಯ ಖರ್ಚು ನೋಡುವ ಸೌಕರ್ಯ ಇದ್ದವು. ಒಂದು ಮನೆಗೆ ಒಂದು ಫೋನು ಇದ್ದದ್ದನ್ನು ಯಾರೋ ಕಣ್ಣಾರೆ ನೋಡಿ ಮಾಡಿದ ಕೆಲಸ ಅದು.

ಒಳ್ಳೆಯ ಉದ್ದೇಶ, ತಪ್ಪಿದ ಗುರಿ

ಗೆದ್ದವರ ಕಥೆ ಮಾತ್ರ ಹೇಳಿದರೆ ಚರಿತ್ರೆ ಅರ್ಧ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸೇರಿ ಬೆಂಗಳೂರಿನಲ್ಲೇ ರೂಪಿಸಿದ ಸಿಂಪ್ಯೂಟರ್ ನೆನಪಿದೆಯೇ? ಬಡವರಿಗೂ ಕಂಪ್ಯೂಟರ್ ಸಿಗಲಿ ಎಂಬ ಆಸೆಯಿಂದ 2001ರಲ್ಲಿ ಜನರ ಮುಂದಿಟ್ಟ ಕೈಯಗಲದ ಸಾಧನ. ಮುಟ್ಟಿದರೆ ಕೆಲಸ ಮಾಡುವ ಪರದೆ, ಬರಹವನ್ನು ನಮ್ಮ ಭಾಷೆಗಳಲ್ಲಿ ಓದಿ ಹೇಳುವ ತಂತ್ರಾಂಶ, ಹತ್ತಾರು ಜನ ಹಂಚಿಕೊಳ್ಳಲು ಸ್ಮಾರ್ಟ್ ಕಾರ್ಡು. ಐಫೋನಿಗಿಂತ ಎಷ್ಟೋ ವರ್ಷ ಮುಂಚಿನ ಮಾತಿದು. 2004ರ ಮಾರ್ಚಿನಲ್ಲಿ ಬಿಇಎಲ್ ತಯಾರಿಸಿದ 'ಅಮಿಡಾ' ಮಾರುಕಟ್ಟೆಗೆ ಬಂತು. ಬೆಲೆ ಸುಮಾರು 10,000 ರೂಪಾಯಿ. ಮಾರಾಟ ಕೆಲವು ಸಾವಿರಕ್ಕೆ ನಿಂತಿತು. ಅದರಲ್ಲಿ ಬುದ್ಧಿ ಕಮ್ಮಿ ಇರಲಿಲ್ಲ. ಹಳ್ಳಿಯವರಿಗೆ ಮೊದಲು ಬೇಕಾದದ್ದು ಮಗಳ ದನಿ, ಮಂಡಿಯ ರೇಟು, ಮೇಸ್ತ್ರಿಯ ಕರೆ. ಅದನ್ನು ಅಗ್ಗದ ಫೋನು ಕೊಟ್ಟಿತು.

ಇನ್ನೊಂದು ಉದಾಹರಣೆ ಮೊಟೊರೋಲಾದ ಮೊಟೊಫೋನ್ ಎಫ್3, 2006ರದ್ದು. ಕಾಗದದಂತೆ ಬಿಸಿಲಲ್ಲೂ ಕಾಣುವ ಪರದೆ, ಮಾತಿನಲ್ಲೇ ದಾರಿ ಹೇಳುವ ಮೆನು, ತೆಳ್ಳಗೆ ಗಟ್ಟಿ. ಆದರೆ ಪರದೆಯ ಒಂದು ಸಾಲಿಗೆ ಆರೇ ಅಕ್ಷರ, ಒಟ್ಟು ಎರಡೇ ಸಾಲು. ಮೆಸೇಜು ಓದುವುದು ಪರದಾಟ. ಓದು ಬಾರದವರ ಮನೆಯಲ್ಲೂ ಓದುವ ಮಕ್ಕಳಿದ್ದಾರೆ, ಮೆಸೇಜು ಓದಿ ಹೇಳುವುದು ಅವರೇ ಅನ್ನುವುದು ವಿನ್ಯಾಸದಲ್ಲಿ ತಪ್ಪಿಹೋಗಿತ್ತು. ಸುಲಭ ಮಾಡಲು ಹೋಗಿ ಕೆಲಸವನ್ನೇ ಕಡಿಮೆ ಮಾಡಿದರೆ ಜನ ಒಪ್ಪುವುದಿಲ್ಲ.

ಚೈನಾ ಸೆಟ್ಟು ಮತ್ತು 2009ರ ಆ ರಾತ್ರಿ

ಆಮೇಲೆ ಬಂದದ್ದು ಚೈನಾ ಸೆಟ್ಟುಗಳ ಕಾಲ. ಎರಡು ಸಿಮ್, ಜಾತ್ರೆಗೆ ಕೇಳಿಸುವಷ್ಟು ದೊಡ್ಡ ಸ್ಪೀಕರ್, ದಪ್ಪ ಬ್ಯಾಟರಿ, ಅರ್ಧ ಬೆಲೆ. ಬಿಲ್ಲು ಕೇಳಬೇಡಿ, ಗ್ಯಾರಂಟಿ ಕೇಳಬೇಡಿ. ಎಷ್ಟೋ ಸೆಟ್ಟುಗಳಲ್ಲಿ ಫೋನಿನ ಗುರುತು ಹೇಳುವ ಹದಿನೈದು ಅಂಕಿಯ ಐಎಂಇಐ ನಂಬರೇ ಇರಲಿಲ್ಲ. ಮುಂಬೈ ದಾಳಿಯ ನಂತರ ಭದ್ರತೆಯ ಕಾರಣಕ್ಕೆ ಸರ್ಕಾರ ಬಿಗಿಯಾಯಿತು. 2009ರ ನವೆಂಬರ್ 30ರ ಮಧ್ಯರಾತ್ರಿಯಿಂದ ಐಎಂಇಐ ಇಲ್ಲದ ಫೋನುಗಳಿಗೆ ಸೇವೆ ನಿಲ್ಲಿಸಬೇಕೆಂಬ ಆದೇಶ ಜಾರಿಯಾಯಿತು. ಅಸಲಿ ನಂಬರು ಕೂರಿಸುವ ವ್ಯವಸ್ಥೆ ಅಂಗಡಿಗಳಲ್ಲಿ ಮಾಡಿದ್ದರೂ ಸುದ್ದಿ ತಿಳಿಯದವರ ಫೋನು ಬೆಳಗಾಗುವಷ್ಟರಲ್ಲಿ ಆಟದ ಸಾಮಾನಾಗುವ ಪರಿಸ್ಥಿತಿ. ಗಟ್ಟಿತನ ಅಂದರೆ ಬರೀ ಪ್ಲಾಸ್ಟಿಕ್ಕಿನ ಗಟ್ಟಿತನವಲ್ಲ, ಕಾಗದದ ಗಟ್ಟಿತನವೂ ಹೌದು.

ಆ ಸೆಟ್ಟುಗಳು ತೋರಿಸಿದ ಬೇಡಿಕೆಯನ್ನು ಬಿಲ್ಲು ಸಮೇತ ಪೂರೈಸಲು ದೇಶಿ ಹೆಸರುಗಳು ಮುಂದೆ ಬಂದವು. 2008ರಲ್ಲಿ ಮೈಕ್ರೋಮ್ಯಾಕ್ಸ್ ಒಂದು ತಿಂಗಳು ಚಾರ್ಜು ನಿಲ್ಲುವುದೆಂದು ಹೇಳಿಕೊಂಡ ಎಕ್ಸ್1ಐ ಸೆಟ್ಟು ತಂದಿತು. 2009ರಲ್ಲಿ ಶುರುವಾದ ಕಾರ್ಬನ್‌ನಲ್ಲಿ ಬೆಂಗಳೂರಿನ ಯುಟಿಎಲ್ ಸಮೂಹದ ಪಾಲಿತ್ತು.

ಬಾಳಿಕೆಯ ಇನ್ನೊಂದು ಗುಟ್ಟು ಬಿಡಿಭಾಗ. ಎಷ್ಟೋ ನೋಕಿಯಾ ಸೆಟ್ಟುಗಳಿಗೆ ಬಿಎಲ್-5ಸಿ ಎಂಬ ಒಂದೇ ಬ್ಯಾಟರಿ ಹೊಂದುತ್ತಿತ್ತು. 2007ರ ಆಗಸ್ಟಿನಲ್ಲಿ ಆ ಜಾತಿಯ 4.6 ಕೋಟಿ ಬ್ಯಾಟರಿಗಳು ಬಿಸಿಯಾಗಬಹುದೆಂದು ಕಂಪನಿಯೇ ಎಚ್ಚರಿಸಿ, ಬದಲಿಸಿಕೊಡುವುದಾಗಿ ಹೇಳಿತು. ಫೋನು ಬಿಸಾಡಬೇಕಾಗಲಿಲ್ಲ, ಉಗುರಲ್ಲಿ ಮುಚ್ಚಳ ತೆಗೆದು ಬ್ಯಾಟರಿ ಬದಲಿಸಿದರೆ ಸಾಕಾಗಿತ್ತು. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಕೀಪ್ಯಾಡು, ಬಾಡಿ, ಚಾರ್ಜಿಂಗ್ ಪಿನ್ನು ತರಿಸಿ ಊರಿನ ಅಂಗಡಿಯವರೇ ರಿಪೇರಿ ಮಾಡಿ ಕೊಡುತ್ತಿದ್ದ ಕಾಲವದು. ಕಂಪನಿ ಕಟ್ಟಿದ ಫೋನನ್ನು ವರ್ಷಗಳ ಕಾಲ ಉಳಿಸಿದ್ದು ಊರಿನ ರಿಪೇರಿ ಕೈಗಳು.

ಗಟ್ಟಿ ಫೋನು, ಸಾಯುವ ನೆಟ್‌ವರ್ಕು

2008ರ ಮೇ 24ರಂದು ವಿಮಾನ ನಿಲ್ದಾಣ ತೆರೆಯಿತು. ಚಿಕ್ಕಜಾಲದ ಸುತ್ತ ತೋಟಗಳು ಲೇಔಟುಗಳಾದವು. ಮಕ್ಕಳು ಕ್ಯಾಬ್ ಓಡಿಸುತ್ತಾರೆ, ಸೆಕ್ಯುರಿಟಿ ಕೆಲಸಕ್ಕೆ ಹೋಗುತ್ತಾರೆ, ಅವರಿಗೆ ಸ್ಮಾರ್ಟ್‌ಫೋನಿಲ್ಲದೆ ದುಡಿಮೆಯಿಲ್ಲ. ಮನೆಯಲ್ಲಿ ಉಳಿದ ತಾತ, ಅಜ್ಜಿಯ ಕೈಯಲ್ಲಿ ಬಟನ್ ಸೆಟ್ಟು. ಆದರೆ ಆ ಸೆಟ್ಟಿನ ಹೊಣೆ ಈಗ ಹೆಚ್ಚಿದೆ. ಬ್ಯಾಂಕಿನ ಮೆಸೇಜು, ಆಧಾರ್ ಒಟಿಪಿ, ಗ್ಯಾಸ್ ಬುಕಿಂಗು ಎಲ್ಲವೂ ಅದೇ ನಂಬರಿಗೆ. ಫೋನು ಕೆಟ್ಟರೆ ಮಾತಿನ ಜೊತೆಗೆ ಹಣವೂ ನಿಲ್ಲುತ್ತದೆ.

2017ರಲ್ಲಿ ಬಂದ ಜಿಯೋಫೋನ್ ಆಗ 1,500 ರೂಪಾಯಿ ಠೇವಣಿಗೆ ಸಿಗುತ್ತಿದ್ದ 4ಜಿ ಬಟನ್ ಸೆಟ್ಟು. ಜಿಯೋಗೆ 2ಜಿ ನೆಟ್‌ವರ್ಕೇ ಇಲ್ಲ. ನೋಕಿಯಾ 1100 ಎಷ್ಟೇ ಗಟ್ಟಿಯಾಗಿದ್ದರೂ ಅದರಲ್ಲಿ ಜಿಯೋ ಸಿಮ್ ಕೆಲಸ ಮಾಡುವುದಿಲ್ಲ. ಹಿಂದೆ ಫೋನು ಸತ್ತು ನೆಟ್‌ವರ್ಕ್ ಉಳಿಯುತ್ತಿತ್ತು, ಈಗ ಫೋನು ಉಳಿದು ನೆಟ್‌ವರ್ಕ್ ಕೈಬಿಡುವ ಕಾಲ. ಒಳ್ಳೆಯದೂ ಆಗಿದೆ. ಫೋನುಗಳಲ್ಲಿ ಭಾರತೀಯ ಭಾಷೆಗಳನ್ನು ಓದಲು ಬರಲೇಬೇಕೆಂದು 2016ರಲ್ಲಿ ಸರ್ಕಾರ ಆದೇಶ ಹೊರಡಿಸಿತು. 2022ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕು ಇಂಟರ್ನೆಟ್ ಇಲ್ಲದ ಬಟನ್ ಫೋನಿನಲ್ಲೂ ಹಣ ಕಳಿಸುವ ಯುಪಿಐ 123ಪೇ ಶುರು ಮಾಡಿತು.

ಹಾಗಾದರೆ ಮನೆಯ ಹಿರಿಯರಿಗೆ ಯಾವ ಸೆಟ್ಟು ತರಬೇಕು? ಈ ಚರಿತ್ರೆಯೇ ಉತ್ತರ ಕೊಡುತ್ತದೆ. 4ಜಿ ಇರುವ ಬಟನ್ ಸೆಟ್ಟೇ ನೋಡಿ, ನಿಮ್ಮ ಊರಲ್ಲಿ ಟವರ್ ಚೆನ್ನಾಗಿರುವ ಸಿಮ್ಮನ್ನು ಅಂಗಡಿಯಲ್ಲೇ ಹಾಕಿ ಒಂದು ಕರೆ ಮಾಡಿಸಿ. ಮುಚ್ಚಳ ತೆಗೆದು ಬ್ಯಾಟರಿ ಬಿಚ್ಚಲು ಬರುತ್ತದೆಯೇ, ಅದೇ ಬ್ಯಾಟರಿ ಊರಲ್ಲಿ ಬಿಡಿಯಾಗಿ ಸಿಗುತ್ತದೆಯೇ ಕೇಳಿ. *#06# ಒತ್ತಿದಾಗ ಬರುವ ಐಎಂಇಐ, ಡಬ್ಬದ ಮೇಲಿನ ನಂಬರು ಮತ್ತು ಬಿಲ್ಲಿನ ನಂಬರು ಮೂರೂ ಒಂದೇ ಇರಬೇಕು. ಕನ್ನಡದ ಮೆಸೇಜೊಂದನ್ನು ಕಳಿಸಿ ಅಕ್ಷರ ಮೂಡುತ್ತದೆಯೇ ನೋಡಿ. ಟಾರ್ಚು ಒಂದೇ ಗುಂಡಿಗೆ ಹತ್ತಬೇಕು. ಮಗ, ಮಗಳು, ಆಸ್ಪತ್ರೆಗೆ ಕರೆದೊಯ್ಯುವ ಆಟೋದವರು ಇವರ ನಂಬರುಗಳನ್ನು 2, 3, 4 ಗುಂಡಿಗಳಿಗೆ ಸ್ಪೀಡ್ ಡಯಲ್ ಹಾಕಿಕೊಡಿ. ಕೊನೆಗೆ, ಫೋನನ್ನು ಬಳಸುವವರ ಕೈಗೇ ಕೊಟ್ಟು, ನೀವು ಹೇಳಿಕೊಡದೆ ಸುಮ್ಮನೆ ನಿಂತು ನೋಡಿ. ಅವರ ಬೆರಳು ತಡಕಾಡಿದರೆ ಆ ಸೆಟ್ಟು ಬೇಡ.

ಅಂಗಡಿಯ ಮುಂದೆ ನಿಂತ ತಾತ ಕೇಳಿದ್ದೂ ಇದನ್ನೇ. ಕಿತ್ತೂರಿನ ಎಕ್ಸ್‌ಚೇಂಜು ಮಾಡಿದವರು, ಟಾರ್ಚಿನ ಫೋನು ಮಾಡಿದವರು ಅಂಥ ಮಾತಿಗೆ ಕಿವಿಗೊಟ್ಟರು. ನಾವೂ ಮನೆಗೆ ಫೋನು ತರುವ ಮುನ್ನ ಅವರನ್ನು ಒಂದು ಮಾತು ಕೇಳೋಣ.