ಬಯಲಿನ ಹಕ್ಕಿ ಮತ್ತು ಪ್ರಮಾದದ ಹಿಂಸೆ

ಇಂದಿನ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಕುರುಚಲು ಕಾಡು 1974ರಲ್ಲಿ ಕೃಷ್ಣಮೃಗಗಳ ಅಭಯಾರಣ್ಯವಾಯಿತು. ಸುಮಾರು 119 ಚದರ ಕಿಲೋಮೀಟರ್ ವಿಸ್ತಾರದ ಈ ನೆಲ ಎರೆಭೂತವೆಂಬ ಹೆಬ್ಬಕ್ಕಿಗೂ ಆಶ್ರಯವಾಗಿತ್ತು. ಈ ಹಕ್ಕಿ ಗೂಡು ಕಟ್ಟುವುದಿಲ್ಲ; ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು ಬರಿನೆಲದ ಮೇಲಿಡುತ್ತದೆ. ದೂರದ ಅಪಾಯವನ್ನು ಅರಿಯಲು ಅದಕ್ಕೆ ತೆರೆದ ಹುಲ್ಲುಬಯಲು ಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದರ ಬೇಟೆಯನ್ನು ನಿಷೇಧಿಸಿತು. ಆದರೆ ಬಯಲನ್ನು ಬಂಜರೆಂದೇ ಬಗೆಯುವ ದೃಷ್ಟಿ ಬದಲಾಗಲಿಲ್ಲ. ಅರಣ್ಯವೆಂದರೆ ಮರಗಳೆಂಬ ನಂಬಿಕೆಯಿಂದ ಇಲ್ಲಿ ವಿಶಾಲವಾಗಿ ನೀಲಗಿರಿ ತೋಪುಗಳನ್ನು ಬೆಳೆಸಲಾಯಿತು. ಮರ ನೆಟ್ಟವರಲ್ಲಿ ದ್ವೇಷವಿರಲಿಲ್ಲ. ಪುಣ್ಯಕಾರ್ಯವೆಂಬ ಭಾವನೆಯೇ ಇದ್ದಿರಬಹುದು. ಆದರೂ ತೋಪು ಹಬ್ಬಿದಂತೆ ಬಯಲು ಕುಗ್ಗಿತು. ಎರೆಭೂತ ಆ ನೆಲೆಯನ್ನು ಕಳೆದುಕೊಂಡಿತು.

ಪ್ರಮಾದಯುಕ್ತ ಪ್ರವೃತ್ತಿಯಿಂದಾಗುವ ಪ್ರಾಣಹಾನಿಯೇ ಹಿಂಸೆಯೆಂದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ನಿರೂಪಿಸುತ್ತದೆ. ಇಲ್ಲಿ ಪ್ರಮಾದವೆಂದರೆ ಕ್ರೌರ್ಯವೇ ಆಗಬೇಕಿಲ್ಲ. ಎಚ್ಚರದ ಅಭಾವವೂ ಪ್ರಮಾದವೇ. ಕಾಲಿಡುವ ಮುನ್ನ ನೆಲವನ್ನು ನೋಡೆಂದು ಈರ್ಯಾಸಮಿತಿ ಬೋಧಿಸುತ್ತದೆ. ಸಸಿ ನೆಡುವ ಮುನ್ನವೂ ಆ ನೆಲದಲ್ಲಿ ಯಾರ ಬಾಳಿದೆಯೆಂದು ನೋಡುವುದು ಅದೇ ಬೋಧನೆಯ ವಿಸ್ತರಣೆ.

2011ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಈ ಹಕ್ಕಿಯನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಯೆಂದು ಗುರುತಿಸಿತು. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಅವುಗಳಿಗೆ ಬೇಕಾದುದು ಹೊಸ ತೋಪಲ್ಲ. ಬಯಲನ್ನು ಬಯಲಾಗಿಯೇ ಉಳಿಸುವ ಸಂಯಮ. ಮಾಡುವ ದಯೆಯಂತೆ, ಮಾಡದೆ ಬಿಡುವ ದಯೆಯೂ ಅಹಿಂಸೆಯ ಅಂಗವೇ ಆಗಿದೆ.